ಬಣ್ಣ ಹಾಕದ ಟ್ಯೂಬಿಗೆ ಅರ್ಧ ಪುಟ

ಧಾರವಾಡದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬರ ಪತ್ರ: "ಇಲಿಯ ಮ್ಯಾಕ್ರೋಫೇಜ್ (ರೋಗಾಣು ನುಂಗುವ ಕೋಶ) ಲೇಖನದಲ್ಲಿ ಏನೂ ಹೊಳೆಯದ ಚಿತ್ರಗಳಿಗೆ ಅರ್ಧ ಪುಟ ಕೊಟ್ಟಿದ್ದೀರಿ. ಟಿಎನ್‌ಎಫ್ (ಉರಿಯೂತ ಎಬ್ಬಿಸುವ ಪ್ರೋಟೀನು) ಹೊಳೆಯುವ ಒಂದು ಚಿತ್ರ ಸಾಲದಿತ್ತೇ? ಪ್ರತಿಕಾಯದ ಬೆಲೆ ಗೊತ್ತಿದ್ದವರು ಅದನ್ನು ಕಂಟ್ರೋಲ್ (ಹೋಲಿಕೆಗೆ ಇಡುವ) ಟ್ಯೂಬುಗಳಿಗೆ ಸುರಿಯುವುದಿಲ್ಲ."

ಬೆಲೆ ಗೊತ್ತು, ತಂಗಿ. ಹುಡುಕುವ ಪ್ರೋಟೀನಿಗೆ ಹೋಗಿ ಅಂಟುವ, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ ಬೆರಳುದ್ದದ ಸೀಸೆಗೆ ಸಾವಿರಾರು ರೂಪಾಯಿ. ನಿಮ್ಮ ಸಂಕಟ ನ್ಯಾಯವಾದದ್ದೇ. ನಿಮ್ಮ ಪರವಾಗಿ ನಾನು ಆಡಬಹುದಾದ ಮಾತು ಇಲ್ಲಿಗೆ ಮುಗಿಯಿತು.

ಟಿಎನ್‌ಎಫ್‌ನಂಥ ಉರಿಯೂತದ ಸೈಟೊಕೈನ್ (ಕೋಶಗಳು ಒಂದಕ್ಕೊಂದು ಕಳಿಸುವ ಸಂಕೇತದ ಪ್ರೋಟೀನು) ಕೋಶದಲ್ಲಿ ನಿಲ್ಲುವ ಸರಕಲ್ಲ, ತಯಾರಾದೊಡನೆ ಹೊರಗೆ ಹೋಗುತ್ತದೆ. ಅದಕ್ಕೇ ಬ್ರೆಫೆಲ್ಡಿನ್ ಹಾಕಿ ಸಾಗಣೆ ತಡೆಯುತ್ತೇವೆ, ಪ್ಯಾರಾಫಾರ್ಮಾಲ್ಡಿಹೈಡ್‌ನಿಂದ ಕೋಶವನ್ನು ಇದ್ದಲ್ಲೇ ಗಟ್ಟಿ ಮಾಡುತ್ತೇವೆ, ಸ್ಯಾಪೊನಿನ್‌ನಿಂದ ಪೊರೆಗೆ ತೂತು ಮಾಡಿ ಪ್ರತಿಕಾಯವನ್ನು ಒಳಗೆ ಬಿಡುತ್ತೇವೆ. ಸ್ಯಾಪೊನಿನ್ ತೊಳೆದುಹೋದರೆ ತೂತು ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಪ್ರತಿಕಾಯ ಬೆರೆಸುವ ದ್ರಾವಣದಲ್ಲೂ ಅದು ಇರಲೇಬೇಕು. 

ಮ್ಯಾಕ್ರೋಫೇಜಿನ ಕಸುಬೇ ಪ್ರತಿಕಾಯದ ಬಾಲ (ಗುರಿಗೆ ಅಂಟದ ತುದಿ) ಹಿಡಿಯುವುದು. ಬಾಲ ಹಿಡಿಯುವ ಗ್ರಾಹಕಗಳನ್ನು 2.4ಜಿ2 ಎಂಬ ಇನ್ನೊಂದು ಪ್ರತಿಕಾಯದಿಂದ ಮೊದಲೇ ಮುಚ್ಚದಿದ್ದರೆ ಟಿಎನ್‌ಎಫ್ ಇಲ್ಲದ ಕೋಶವೂ ಹೊಳೆದೀತು. ಅದೇ ಟ್ಯೂಬಿಗೆ ಹಾಕಿದ ಬೇರೆ ಪ್ರತಿಕಾಯಗಳ ಬಣ್ಣ ಟಿಎನ್‌ಎಫ್ ಬಣ್ಣದ ಪಾಲಿಗೆ ಸೋರಿದೆಯೇ? ಅದನ್ನು ಹೇಳುವುದು ಉಳಿದೆಲ್ಲ ಬಣ್ಣ ಹಾಕಿ ಇದೊಂದನ್ನು ಬಿಟ್ಟ ಟ್ಯೂಬು. ನೀವು ದಂಡವೆಂದದ್ದು ಅದನ್ನೇ.

ಪ್ರಾಯದಲ್ಲಿ ನಾನೂ ಒಂದು ಪ್ರಯೋಗಾಲಯದಲ್ಲಿದ್ದೆ. ಒಂದು ಸಂಜೆ ಟಿಎನ್‌ಎಫ್ ದೀಪಾವಳಿಯಂತೆ ಬೆಳಗಿತು. ಎಲ್ಲರಿಗೂ ಕಾಫಿ, ಬೋಂಡ ಕೊಡಿಸಿದೆ. ಹಿರಿಯರೊಬ್ಬರು ಬೋಂಡ ಮುರಿಯುತ್ತಾ, "ಸತ್ತ ಕೋಶಗಳನ್ನು ಲೆಕ್ಕದಿಂದ ತೆಗೆದೆಯೇನಪ್ಪಾ?" ಎಂದರು. ತೆಗೆದಿರಲಿಲ್ಲ. ಸತ್ತ ಕೋಶ ಸಿಕ್ಕ ಪ್ರತಿಕಾಯವನ್ನೆಲ್ಲ ಅಂಟಿಸಿಕೊಳ್ಳುತ್ತದೆ. ಮರುದಿನ ಅವನ್ನು ತೆಗೆದು ನೋಡಿದರೆ ದೀಪಾವಳಿಯಲ್ಲ, ಅಮಾವಾಸ್ಯೆ.

ದುಡ್ಡಿನ ಮಾತಿಗೇ ಬರೋಣ. 2015ರಲ್ಲಿ ಬ್ರಾಡ್‌ಬರಿ ಮತ್ತು ಪ್ಲುಕ್‌ಥುನ್ ನೂರಕ್ಕೂ ಹೆಚ್ಚು ವಿಜ್ಞಾನಿಗಳ ಸಹಿಯೊಂದಿಗೆ 'ನೇಚರ್' ಪತ್ರಿಕೆಯಲ್ಲಿ ಬರೆದರು: ಸರಿಯಾಗಿ ಕೆಲಸ ಮಾಡದ ಪ್ರತಿಕಾಯಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 80 ಕೋಟಿ ಡಾಲರ್ ಪೋಲು ಎಂದು ಅವರ ಅಂದಾಜು. ಈಗ ಹೇಳಿ, ಕಂಟ್ರೋಲ್ ಟ್ಯೂಬು ದುಬಾರಿಯೇ?

ನಿಮ್ಮನ್ನೊಬ್ಬರನ್ನೇ ಏಕೆ ದೂರಲಿ? ದಿನಪತ್ರಿಕೆಗಳು ಹಸಿರಾಗಿ ಹೊಳೆಯುವ ಕೋಶದ ಚಿತ್ರ ಹಾಕಿ "ಸಂಧಿವಾತಕ್ಕೆ ಮದ್ದು ಸಿಕ್ಕಿತು" ಎನ್ನುತ್ತವೆ. ಇಲಿ ಎಂಬ ಮಾತು ಆರನೆಯ ಪ್ಯಾರಾದಲ್ಲಿ ಇಣುಕುತ್ತದೆ. ಜಾಗ ಸಾಲದಾಗ ನಮ್ಮ ಕಚೇರಿಯಲ್ಲೂ ಮೊದಲು ಕತ್ತರಿ ಬೀಳುವುದು ಕಪ್ಪು ಚಿತ್ರಕ್ಕೇ. ಈ ಸಲ ನಾನು ಬಿಡಲಿಲ್ಲ, ಅಷ್ಟೇ.

ಪತ್ರದ ಜೊತೆ ನೀವು ಕಳುಹಿಸಿದ ಚಿತ್ರ ಸೊಗಸಾಗಿದೆ, ಕೈ ಪಳಗಿದೆ. ಅದರ ಬಣ್ಣ ಹಾಕದ ಜೋಡಿಯನ್ನೂ ಕಳುಹಿಸಿ. ಮುಖಪುಟ ಕೊಡಲಾರೆ, ಒಳಗೆ ಅರ್ಧ ಪುಟ ಕಾದಿರಿಸಿದ್ದೇನೆ.

— ಸಂ.