ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಂದ್ರೆ ಬರೀ ಕಸ ಗುಡಿಸೋದಾ? ಮಂಡ್ಯದಲ್ಲಿ ಬಿಎಸ್ಸಿ ಓದ್ತಿದ್ದೀನಿ, ಸೇರಿದ್ರೆ ಓದಿಗೇನು ಲಾಭ?

ಲಾಭ ಇದೆ, ಆದರೆ ಅಲ್ಲಿನ ಕೆಲಸವನ್ನು ನಿಮ್ಮ ಪಾಠದ ಜೊತೆ ಸೇರಿಸಿಕೊಂಡರೆ ಮಾತ್ರ. 1969ರಲ್ಲಿ ಶುರುವಾದ ಈ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಶಿಬಿರ. ಪೊರಕೆ ಹಿಡಿಯೋದೂ ಇರುತ್ತೆ, ಸುಳ್ಳು ಹೇಳಲ್ಲ.

ಗುಟ್ಟು ಇರೋದು ದತ್ತು ಗ್ರಾಮದಲ್ಲಿ, ಅಂದ್ರೆ ಕಾಲೇಜಿನ ಎನ್‌ಎಸ್‌ಎಸ್ ಘಟಕ ಸೇವೆಗೆ ಆರಿಸಿಕೊಂಡ ಊರಿನಲ್ಲಿ. ಅದೇ ಊರಿಗೆ ಮತ್ತೆ ಮತ್ತೆ ಹೋಗೋದರಿಂದ ಮಾಡಿದ ಕೆಲಸ ಏನಾಯ್ತು ಅಂತ ನೀವೇ ನೋಡಬಹುದು. ಗಡಸು ನೀರಿನ ಬೋರ್‌ವೆಲ್ ಇರುವ ಹಳ್ಳಿ ಸಿಕ್ಕಿತು ಅನ್ನಿ. ಕಾಯಿಸಿದ ಪಾತ್ರೆಯ ತಳದಲ್ಲಿ ಬೆಳ್ಳಗೆ ಪೊರೆ ಕಟ್ಟಿರುತ್ತೆ. 'ಸೋಪು ಉಜ್ಜಿದ್ರೂ ನೊರೆನೇ ಬರಾಕಿಲ್ಲ ಕಣಪ್ಪ' ಅಂತ ಅಜ್ಜಿಯೊಬ್ಬರು ಹೇಳಿದಾಗ, ಲ್ಯಾಬಿನಲ್ಲಿ ನೀರಿನ ಗಡಸುತನ ಅಳೆದದ್ದು ಯಾಕೆ ಅಂತ ತಲೆಗೆ ಹೋಗುತ್ತೆ. ಅವತ್ತೇ ಡೈರಿಯಲ್ಲಿ ಬರೆದಿಡಿ, ನೀರಿನ ಸ್ಯಾಂಪಲ್ಲನ್ನೂ ಕಾಲೇಜಿಗೆ ತನ್ನಿ.