ಪ್ರತಿಕ್ರಿಯೆ: ಲಿಗಂಡ್ (ಗ್ರಾಹಕಕ್ಕೆ ಅಂಟಿ ಅದನ್ನು ಚಾಲೂ ಮಾಡುವ ಅಣು) ಹಾಕದೆಯೂ ಯುಎಸ್28 ಸಿಗ್ನಲ್ ಬರುವುದೇಕೆ?

ಮಡಿಕೇರಿಯಿಂದ ಪ್ರಾಜೆಕ್ಟ್ ಬಗ್ಗೆ ಕೇಳಿದವರಿಗೆ: ಸೈಟೊಮೆಗಲೊವೈರಸ್‌ನ ಯುಎಸ್28 ಜೀನ್ (ಸಂಕೇತ ಹಿಡಿಯುವ ಗ್ರಾಹಕ ಪ್ರೋಟೀನ್‌ನದು) ಹಾಕಿದ ಕೋಶಗಳಲ್ಲಿ ಕೀಮೋಕೈನ್ (ಬಿಳಿ ರಕ್ತಕಣಗಳನ್ನು ಕರೆಯುವ ಪ್ರೋಟೀನ್, ಇಲ್ಲಿನ ಲಿಗಂಡ್) ಸೇರಿಸದಿದ್ದರೂ ಇನಾಸಿಟಾಲ್ ಫಾಸ್ಫೇಟ್ (ಗ್ರಾಹಕ ಚಾಲೂ ಆದಾಗ ಕೋಶದೊಳಗೆ ಹೆಚ್ಚುವ ಅಣು) ಏರಿತು, ಕಂಟ್ರೋಲ್ ಕೆಟ್ಟಿದೆಯೇ ಎಂದಿರಿ. ಕೆಟ್ಟಿಲ್ಲ. ಈ ಗ್ರಾಹಕದ ಸ್ವಭಾವವೇ ಅದು. ಮಳೆಗಾಲದಲ್ಲಿ ಒದ್ದೆಯಾಗಿ ಸಿಕ್ಕಿಕೊಂಡ ಕಾಲಿಂಗ್ ಬೆಲ್‌ನಂತೆ ಯಾರೂ ಒತ್ತದೆ ಬಡಿದುಕೊಳ್ಳುತ್ತದೆ.

ಆದರೂ ಕಂಟ್ರೋಲ್ ಎರಡು ಬೇಕು: ಖಾಲಿ ಪ್ಲಾಸ್ಮಿಡ್ (ಜೀನ್ ಸಾಗಿಸುವ ಡಿಎನ್‌ಎ ಉಂಗುರ, ಯುಎಸ್28 ಇಲ್ಲದ್ದು), ಮತ್ತು ಯುಎಸ್28ನ ಆರ್129ಎ ರೂಪಾಂತರ (129ನೇ ಅಮೈನೊ ಆಮ್ಲ ಬದಲಿಸಿದ್ದು). ಎರಡನೆಯದು ಗ್ರಾಹಕದ ಸಂಕೇತವನ್ನು ಕೋಶದೊಳಗೆ ದಾಟಿಸುವ ಜಿ ಪ್ರೋಟೀನ್‌ಗೆ ಸುದ್ದಿ ಮುಟ್ಟಿಸದು. ಡಿಎನ್‌ಎ ಪ್ರಮಾಣ ಬದಲಿಸುವಾಗ ಖಾಲಿ ಪ್ಲಾಸ್ಮಿಡ್ ಸೇರಿಸಿ ಒಟ್ಟು ತೂಕ ಒಂದೇ ಇಡಿ. ಅಳತೆಗೆ ಮುಂಚೆ 10 ಮಿಲಿಮೋಲಾರ್ ಲಿಥಿಯಂ ಕ್ಲೋರೈಡ್ ಮರೆತರೆ ಇನಾಸಿಟಾಲ್ ಫಾಸ್ಫೇಟ್ ಒಡೆದು ಹೋಗುತ್ತದೆ. ಪೊರೆಯ ಮೇಲೆ ಗ್ರಾಹಕ ಕಡಿಮೆ ಕಂಡರೆ ಗಾಬರಿ ಬೇಡ, ಬಹುಪಾಲು ಪೊರೆಯಿಂದ ಒಳಗೆಳೆದುಕೊಂಡದ್ದು ಸೇರುವ ಚೀಲವಾದ ಎಂಡೊಸೋಮ್‌ನಲ್ಲೇ ಇರುತ್ತದೆ. ಪೊರೆಗೆ ರಂಧ್ರ ಮಾಡಿ ಬಣ್ಣ ಹಾಕಿ.

ವೈರಸ್ ಪ್ರತಿರಕ್ಷೆಯಿಂದ ತಪ್ಪಿಸಿಕೊಳ್ಳುವುದೂ ಗ್ರಾಹಕದ ಈ ಒಳಸೆಳೆತದಿಂದಲೇ ಎನ್ನುವ ವಾದವಿದೆ. ಕಾಯಿಕೊರಕಕ್ಕೆ ಕಾಫಿ ತೋಟದಲ್ಲಿ ತೂಗುಹಾಕುವ ಬಲೆಯಂತೆ ಯುಎಸ್28 ಸುತ್ತಲಿನ ಸಿಸಿಎಲ್5 ಮುಂತಾದ ಕೀಮೋಕೈನ್ ಹಿಡಿದು ಒಳಗೆಳೆಯುತ್ತದೆ, ಬಿಳಿ ರಕ್ತಕಣಗಳಿಗೆ ಕರೆ ಹೋಗುವುದಿಲ್ಲ. ಎಪ್‌ಸ್ಟೈನ್-ಬಾರ್ ವೈರಸ್‌ನ ಇಂಥದೇ ಗ್ರಾಹಕ ಬಿಐಎಲ್‌ಎಫ್1 ದಾರಿ ಬೇರೆ: ಸೋಂಕಿನ ಸುಳಿವನ್ನು ಪ್ರತಿರಕ್ಷಾ ಕೋಶಗಳಿಗೆ ತೋರಿಸುವ ಎಂಎಚ್‌ಸಿ ವರ್ಗ 1 ಅಣುಗಳನ್ನೇ ಪೊರೆಯಿಂದ ಇಳಿಸಿ, ಒಡೆದು ಹಾಕುವ ಚೀಲವಾದ ಲೈಸೊಸೋಮ್‌ಗೆ ತಳ್ಳುತ್ತದೆ.

ಕ್ಯಾನ್ಸರ್ ವಿಷಯದಲ್ಲಿ ಬಲವಾದ ಸಾಕ್ಷ್ಯ ಇರುವುದು ಕಪೋಸಿ ಸಾರ್ಕೋಮಾ ವೈರಸ್‌ನ ಇಂಥದೇ ಗ್ರಾಹಕ ಒಆರ್‌ಎಫ್74ಕ್ಕೆ. ಗಡ್ಡೆಯ ಕೆಲವೇ ಕೋಶಗಳಲ್ಲಿ ಇದ್ದರೂ ರಕ್ತನಾಳ ಬೆಳೆಸುವ ವಿಇಜಿಎಫ್ ಪ್ರೋಟೀನ್ ಸ್ರವಿಸುವಂತೆ ಮಾಡಿ ಅಕ್ಕಪಕ್ಕದವನ್ನೂ ಬೆಳೆಸುತ್ತದೆ. ಯುಎಸ್28ನ್ನು ಮೆದುಳಿನ ಗ್ಲಿಯೊಬ್ಲಾಸ್ಟೊಮಾಗೆ ಜೋಡಿಸುವುದು ಇನ್ನೂ ವಿವಾದದ ಮಾತು. ವರದಿಯಲ್ಲಿ ‘ಕಾರಣ’ ಎಂದು ಬರೆಯಬೇಡಿ.