ಮುಂಬೈಯ ಸಣ್ಣ ಕೋಣೆಗೆ ದೊಡ್ಡ ಕಾರ್ಡಿನ ಪಿಸಿ: 10 ಲೀಟರ್ ಕ್ಯಾಬಿನೆಟ್ ಸಾಕಾ, 18 ಲೀಟರಿನದು ಬೇಕಾ?

ಪಿಸಿ ಕಟ್ಟಲಿಕ್ಕೆ 10 ಲೀಟರಿನ ಕ್ಯಾಬಿನೆಟ್ (ಪಿಸಿಯ ಹೊರಗಿನ ಡಬ್ಬ, ಲೀಟರ್ ಅಂದರೆ ಅದರ ಗಾತ್ರ) ಸಾಕಾ, 18ರದ್ದು ಬೇಕಾ ಅಂತ ಕೇಳಿದ್ದೀರಿ. ಮುಲುಂಡಿನಲ್ಲಿ ಹತ್ತಕ್ಕೆ ಹತ್ತರ ಕೋಣೆ, ಹಾಕಬೇಕೆಂದಿರುವುದು ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡ್, ಬೇಕಾದಾಗ ಬ್ಯಾಗಿನಲ್ಲಿ ಹಾಕಿಕೊಂಡು ಆಫೀಸಿಗೂ ಒಯ್ಯಬೇಕು. ಇಷ್ಟು ಓದುವಷ್ಟರಲ್ಲಿ ನನ್ನ ಕೈ ಕೀಬೋರ್ಡಿಗೆ ಬಂತು. ಊರು ಡೊಂಬಿವಲಿ ಅಂತ ಬದಲಿಸಿ, ಇಸವಿ 2023 ಅಂತ ಹಾಕಿದರೆ ಇದು ನಾನೇ ಬರೆದ ಪ್ರಶ್ನೆ.

ಆಗ ನಾನು ಡೊಂಬಿವಲಿಯಲ್ಲಿ ಮಾವನ ಮನೆಯಲ್ಲಿದ್ದೆ. ನನ್ನ ಊರು ಕುಂದಾಪುರದ ಹತ್ತಿರ. ನಮ್ಮ ಕಡೆಯವರು ಮುಂಬೈಗೆ ಹೋಟೆಲ್ ಕೆಲಸಕ್ಕೆ ಬಂದದ್ದೇ ಜಾಸ್ತಿ, ನಾನು ವಿಡಿಯೊ ಎಡಿಟಿಂಗಿಗೆ ಬಂದೆ. ವಾರದಲ್ಲಿ ಎರಡು ದಿನ ಅಂಧೇರಿಯ ಸ್ಟುಡಿಯೊದಲ್ಲಿ, ಉಳಿದ ದಿನ ಮನೆಯಲ್ಲೇ ಕೆಲಸ. ಮನೆ ಒಂದು ಬೆಡ್‌ರೂಮಿನದು. ಹಾಲಿನ ಮೂಲೆಯಲ್ಲಿ ನನ್ನ ಟೇಬಲ್, ಅದಕ್ಕೆ ತಾಗಿಕೊಂಡೇ ಅತ್ತೆಯ ಹೊಲಿಗೆ ಮಷಿನ್. ದೊಡ್ಡ ಡಬ್ಬ ತಂದಿಟ್ಟರೆ ಅತ್ತೆ ಏನೂ ಅನ್ನುವವರಲ್ಲ. ಅವರು ಅನ್ನದೇ ಇರುವುದೇ ನನಗೆ ಕಷ್ಟ.

ಹಾಗಾಗಿ ಸಣ್ಣದೇ ಬೇಕು ಅಂತ ಹಟ ಹಿಡಿದೆ. 170ಕ್ಕೆ 170 ಮಿಲಿಮೀಟರಿನ ಮಿನಿ ಐಟಿಎಕ್ಸ್ ಅನ್ನುವ ಚಿಕ್ಕ ಮದರ್‌ಬೋರ್ಡ್, ಎಸ್‌ಎಫ್‌ಎಕ್ಸ್ ಅನ್ನುವ ಚಿಕ್ಕ ಅಳತೆಯ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ), 450 ವ್ಯಾಟ್ ನುಂಗುವ ಕಾರ್ಡ್, ಇದೆಲ್ಲ 10 ಲೀಟರಿನ ಕ್ಯಾಬಿನೆಟ್ಟಿನೊಳಗೆ. ಮನೆಯಲ್ಲಿ ಅಕ್ಕಿ ಹಾಕಿಡುವ ಡಬ್ಬ ಅದಕ್ಕಿಂತ ದೊಡ್ಡದಿತ್ತು. ರಾತ್ರಿ ಎರಡು ಗಂಟೆಯವರೆಗೆ ಕೂತು ಲೀಟರ್ ಲೆಕ್ಕ ಹಾಕುವುದು, ಯಾರೋ ಕೊರಿಯಾದವರ, ಜಪಾನಿನವರ ಫೋಟೊ ನೋಡಿ ನಿಟ್ಟುಸಿರು ಬಿಡುವುದು. ನೀವೂ ಈಗ ಇದನ್ನೇ ಮಾಡ್ತಿದ್ದೀರಿ, ಅಲ್ವಾ?

ಮುಂಬೈಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ನಾಲ್ಕು ಸಲ ಹೋದೆ. ಬೋರ್ಡಿನ ಮೇಲೆ ಅದು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ, ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಆ ಹೆಸರು ಹೇಳಿದರೆ ಯಾರೂ ದಾರಿ ತೋರಿಸಲ್ಲ. ಅಂಗಡಿಗಳಲ್ಲಿ ಆಳೆತ್ತರ ಪೇರಿಸಿಟ್ಟದ್ದೆಲ್ಲ ದೊಡ್ಡ ಟವರ್ ಕ್ಯಾಬಿನೆಟ್ಟುಗಳು. ಐಟಿಎಕ್ಸ್ ಅಂದರೆ "ಆರ್ಡರ್ ಪೇ ಆಯೇಗಾ" ಅನ್ನುತ್ತಾರೆ. ಆರ್ಡರ್ ಅಂದಮೇಲೆ ಅಡ್ವಾನ್ಸ್, ಅಡ್ವಾನ್ಸ್ ಅಂದಮೇಲೆ ಮಾಲು ವಾಪಸ್ ಇಲ್ಲ. ನಾನು ತಗೊಂಡ ಅಂಗಡಿಯ ಹುಡುಗ ಕಾರ್ಡಿನ ಬಾಕ್ಸ್ ನೋಡಿ, ಕ್ಯಾಬಿನೆಟ್ಟಿನ ಕಾಗದ ನೋಡಿ, "ಫಿಟ್ ಹೋ ಜಾಯೇಗಾ" ಅಂದ. ಸುಳ್ಳಲ್ಲ, ಫಿಟ್ ಆಯಿತು. ಆದದ್ದೇ ತಪ್ಪಾಯಿತು.

ಇಲ್ಲಿಂದ ಸ್ವಲ್ಪ ಉದ್ದ ಎಳೆಯುತ್ತೇನೆ, ಬೇಜಾರಾಗಬೇಡಿ. ಈ ಒಂದು ವಿಷಯ ಅರ್ಥವಾದರೆ ಉಳಿದದ್ದೆಲ್ಲ ನೀವೇ ನೋಡಿಕೊಳ್ತೀರಿ.

ಕಾರ್ಡಿಗೆ ಮೂರು ಅಳತೆ. ಉದ್ದ ಎಲ್ಲರೂ ನೋಡುತ್ತಾರೆ. ದಪ್ಪವನ್ನು, ಅಂದರೆ ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಕಾರ್ಡಿಗೆಂದು ಇರುವ ಸೀಳುಗಳಲ್ಲಿ (ಸ್ಲಾಟ್) ಎಷ್ಟರ ಜಾಗ ತಿನ್ನುತ್ತೆ ಅನ್ನೋದನ್ನ, ಸ್ವಲ್ಪ ಬುದ್ಧಿ ಇದ್ದವರು ನೋಡುತ್ತಾರೆ. ಮೂರನೆಯದು ಎತ್ತರ: ಬೋರ್ಡಿಗೆ ಚುಚ್ಚುವ ಅಂಚಿನಿಂದ ಎದುರಿನ ಅಂಚಿನವರೆಗೆ. ಕರೆಂಟಿನ ಪ್ಲಗ್ ಇರುವುದು ಸಾಮಾನ್ಯವಾಗಿ ಆ ಎದುರಿನ ಅಂಚಿನಲ್ಲೇ. ನನ್ನ ಕಾರ್ಡ್ 304 ಮಿಲಿಮೀಟರ್ ಉದ್ದ, ಕ್ಯಾಬಿನೆಟ್ಟಿನ ಮಿತಿ 320ರ ಮೇಲೆ. ಖುಷಿ. ಎತ್ತರ 137, ಮಿತಿ 140. ಇನ್ನೂ ಖುಷಿ, 3 ಮಿಲಿಮೀಟರ್ ಉಳಿತಾಯ!

ಆದರೆ ಪ್ಲಗ್ಗಿಗೆ ವಯರ್ ಇರುತ್ತಲ್ಲ. ಅದು ಎಲ್ಲಿ ಹೋಗಬೇಕು?

ಈ ಕಾರ್ಡುಗಳ 16 ಪಿನ್ನಿನ ಪ್ಲಗ್ಗಿನಿಂದ ಹೊರಟ ಕೇಬಲ್ ಕನಿಷ್ಠ 35 ಮಿಲಿಮೀಟರ್ ನೇರ ಬಂದು ಆಮೇಲೆ ಬಾಗಬೇಕು ಅಂತ ಕೇಬಲ್ ಮಾಡುವವರೇ ಹೇಳುತ್ತಾರೆ. 137ಕ್ಕೆ 35 ಕೂಡಿಸಿ. 172. ನನ್ನ ಕ್ಯಾಬಿನೆಟ್ಟಿನಲ್ಲಿದ್ದದ್ದು 140. ಈ ಕೂಡುವ ಲೆಕ್ಕ ಮೂರನೇ ಕ್ಲಾಸಿನ ಮಕ್ಕಳೂ ಮಾಡುತ್ತಾರೆ. ನಾನು ಮಾಡಲಿಲ್ಲ. ಕೇಬಲನ್ನು ಪ್ಲಗ್ಗಿನ ಬುಡದಲ್ಲೇ ಹೆಬ್ಬೆರಳಿನಿಂದ ಮಡಚಿ, ಮೇಲಿನ ಮುಚ್ಚಳವನ್ನು ಅಂಗೈಯಲ್ಲಿ ಒತ್ತಿ ಹಿಡಿದು ಸ್ಕ್ರೂ ತಿರುಗಿಸಿದೆ. ಮುಚ್ಚಳ ನಡುವಿನಲ್ಲಿ ಚೂರು ಉಬ್ಬಿತ್ತು. ತುಂಬಿದ ಟ್ರಂಕಿನ ಮೇಲೆ ಕೂತು ಚಿಲಕ ಹಾಕುತ್ತಾರಲ್ಲ, ಹಾಗೆ.

ಹಾಗೆ ಮಡಚಿದರೆ ಏನಾಗುತ್ತೆ ಅಂದರೆ, ಪ್ಲಗ್ ಒಂದು ಬದಿಗೆ ಜಗ್ಗುತ್ತದೆ. ಒಳಗೆ 12 ವೋಲ್ಟಿನ ಆರು ಪಿನ್ ಇವೆ. 450 ವ್ಯಾಟನ್ನು 12ರಿಂದ ಭಾಗಿಸಿದರೆ 37.5 ಆಂಪಿಯರ್, ಆರು ಪಿನ್ನಿಗೆ ಹಂಚಿದರೆ ತಲಾ 6.25. ಪಿನ್ನಿನ ತಾಕತ್ತು ಸುಮಾರು 9 ಆಂಪಿಯರ್, ಹಾಗಾಗಿ ಆರಾಮ. ಈಗ ಜಗ್ಗಿದ ಕಡೆಯ ಎರಡು ಪಿನ್ ಸರಿಯಾಗಿ ತಾಗುತ್ತಿಲ್ಲ ಅಂದುಕೊಳ್ಳಿ. ಕಾರ್ಡಿಗೆ ಅದು ಗೊತ್ತಾಗಲ್ಲ, ಅದು ಅಷ್ಟೇ ಕರೆಂಟ್ ಕೇಳುತ್ತದೆ. ಉಳಿದ ನಾಲ್ಕರ ಮೇಲೆ ತಲಾ 9.4. ಕರೆಂಟ್ ಒಂದೂವರೆ ಪಟ್ಟು ಆದರೆ ಬಿಸಿ ಒಂದೂವರೆ ಪಟ್ಟಿಗೆ ನಿಲ್ಲಲ್ಲ, ಎರಡೂಕಾಲು ಪಟ್ಟು ಆಗುತ್ತದೆ. ಬಿಸಿಗೆ ಲೋಹ ಸಡಿಲವಾಗುತ್ತೆ, ಸಡಿಲವಾದಷ್ಟೂ ಇನ್ನೂ ಬಿಸಿ. ಎಷ್ಟೇ ಫ್ಯಾನ್ ಹಾಕಿ, ಆ ಜಾಗಕ್ಕೆ ಗಾಳಿ ಮುಟ್ಟಲ್ಲ. ಟೆಂಪರೇಚರ್ ತೋರಿಸುವ ಸಾಫ್ಟ್‌ವೇರಿನಲ್ಲಿ ಕಾರ್ಡಿನದು 74 ಡಿಗ್ರಿ ಅಂತ ಬರುತ್ತಿತ್ತು, ನಾನು ಅದನ್ನೇ ನೋಡಿಕೊಂಡು ಬೀಗುತ್ತಿದ್ದೆ.

ಮಾರ್ಚಿನಲ್ಲಿ ಕಟ್ಟಿದ್ದು. ಮೂರು ತಿಂಗಳು ಏನೂ ಆಗಲಿಲ್ಲ. ಆ ಮೂರು ತಿಂಗಳಲ್ಲಿ ಲೋಕಲಿನಲ್ಲಿ ಹೊತ್ತುಕೊಂಡು ಹೋದದ್ದು ಒಟ್ಟು ಎರಡು ಸಲ. ಡೊಂಬಿವಲಿಯಿಂದ ದಾದರ್, ಅಲ್ಲಿ ಸೇತುವೆ ಹತ್ತಿ ವೆಸ್ಟರ್ನ್ ಲೈನಿಗೆ, ಆಮೇಲೆ ಅಂಧೇರಿ. ಎರಡನೇ ಸಲ ಬ್ಯಾಗನ್ನು ಮೇಲಿನ ರ‍್ಯಾಕಿನಲ್ಲಿಟ್ಟಿದ್ದೆ. ಠಾಣೆಯಲ್ಲಿ ಹತ್ತಿದವರೊಬ್ಬರು ಅದರ ಮೇಲೆಯೇ ತಮ್ಮ ಬ್ಯಾಗ್ ತುರುಕಿದರು. ನಾನಿದ್ದದ್ದು ಬಾಗಿಲ ಹತ್ತಿರ, ಕೈ ಎತ್ತಲಿಕ್ಕೂ ಜಾಗ ಇಲ್ಲ. "ಭಾಯ್‌ಸಾಬ್" ಅಂತ ಕೂಗಿದ್ದು ಯಾರಿಗೆ ಕೇಳಬೇಕು. ಅದರಿಂದಲೇ ಎಲ್ಲ ಆಯಿತು ಅನ್ನಲ್ಲ. ಆದರೆ ಮೊದಲೇ ಉಬ್ಬಿದ ಮುಚ್ಚಳ, ಅದರ ಮೇಲೆ ಇನ್ನೊಬ್ಬರ ಹೊರೆ.

ಜೂನಿನಲ್ಲಿ ಮಳೆ ಹಿಡಿದ ಮೊದಲ ವಾರ, ಒಂದು ಸಂಜೆ ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಆಗಿ ತೆಗೆಯುವ ಕೆಲಸ) ಹಾಕಿ ಚಾ ಕುಡಿಯುತ್ತಾ ಕೂತಿದ್ದೆ. ಅತ್ತೆ ಅಡಿಗೆಮನೆಯಿಂದ ಬಂದು, "ಎಂಥ ವಾಸನೆ ಮಾರಾಯ ಇದು? ಒಲೆ ಮೇಲೆ ನಾನು ಎಂಥದೂ ಇಟ್ಟಿಲ್ಲ" ಅಂದರು. ಸ್ಕ್ರೀನ್ ಕಪ್ಪಾಯಿತು, ಫ್ಯಾನುಗಳು ಭರ್ ಅಂತ ಪೂರ್ತಿ ಓಡಲು ಶುರು ಮಾಡಿದವು. ಮುಚ್ಚಳ ತೆಗೆದಾಗ ಪ್ಲಗ್ ಒಂದು ಬದಿಯಲ್ಲಿ ಉಗುರು ದಪ್ಪದಷ್ಟು ಹೊರಗೆ ಬಂದಿತ್ತು. ಎಳೆದರೆ ಬರಲಿಲ್ಲ. ಮೂಲೆಯ ಪ್ಲಾಸ್ಟಿಕ್ ಕರಗಿ, ಹಪ್ಪಳ ಕರಿದ ಎಣ್ಣೆಯ ಬಣ್ಣಕ್ಕೆ ತಿರುಗಿ, ಕಾರ್ಡಿನ ಕಡೆಯ ಸಾಕೆಟ್ಟಿಗೆ ಅಂಟಿಕೊಂಡಿತ್ತು.

ಸರ್ವಿಸ್ ಸೆಂಟರಿನವರು ಒಂದು ನಿಮಿಷ ನೋಡಿ ಸುಟ್ಟದ್ದಕ್ಕೆ ವಾರಂಟಿ ಇಲ್ಲ ಅಂದರು. ಲ್ಯಾಮಿಂಗ್ಟನ್ ರೋಡಿನ ಒಂದು ಮಹಡಿಯ ಮೇಲೆ ಮೈಕ್ರೊಸ್ಕೋಪ್ ಇಟ್ಟುಕೊಂಡು ಕೂರುವ ರಿಪೇರಿಯವರೊಬ್ಬರು ಸಾಕೆಟ್ ಬದಲಿಸಿ ಕೊಟ್ಟರು, 6,500 ರೂಪಾಯಿ. ಹನ್ನೊಂದು ದಿನ ಕೆಲಸ ಹೋಯಿತು, ಒಂದು ಜಾಹೀರಾತಿನ ಕೆಲಸ ಕೈತಪ್ಪಿತು. ಕ್ಯಾಬಿನೆಟ್ ಅರ್ಧ ಬೆಲೆಗೆ ಮಾರಿದೆ. ತಗೊಂಡ ಹುಡುಗನಿಗೆ ಈ ಕಥೆ ಪೂರ್ತಿ ಹೇಳಿಯೇ ಕೊಟ್ಟೆ. ಅವನದು ಚಿಕ್ಕ ಕಾರ್ಡ್, ಅದರಲ್ಲಿ ಸುಖವಾಗಿ ಕೂತಿದೆ.

ಈಗ ನಿಮ್ಮ ವಿಷಯ. 5090 ಎಳೆಯುವುದು 575 ವ್ಯಾಟ್. ಅದೇ ಲೆಕ್ಕ ಮಾಡಿ: ಪಿನ್ನಿಗೆ 8 ಆಂಪಿಯರ್. ಒಂದೇ ಒಂದು ಪಿನ್ ಕೈಕೊಟ್ಟರೂ ಉಳಿದವುಗಳ ಮೇಲೆ 9.6. ನನಗೆ ಒಂದು ಪಿನ್ನಿನ ಸಲಿಗೆಯಾದರೂ ಇತ್ತು, ನಿಮಗೆ ಅದೂ ಇಲ್ಲ. ಈಗ ಬರುವ ಹೊಸ ಸಾಕೆಟ್ಟಿನಲ್ಲಿ ಸೆನ್ಸ್ ಪಿನ್ನುಗಳನ್ನು (ಕಾರ್ಡಿಗೆ ಸಂಕೇತ ಕೊಡುವ ಸಣ್ಣ ಪಿನ್ನುಗಳು) ಗಿಡ್ಡ ಮಾಡಿದ್ದಾರೆ, ಪ್ಲಗ್ ಪೂರ್ತಿ ಕೂರದಿದ್ದರೆ ಕಾರ್ಡ್ ಕರೆಂಟನ್ನೇ ತಗೊಳ್ಳಬಾರದು ಅಂತ. ಒಳ್ಳೆಯದೇ. ಆದರೆ ಕೂತ ಮೇಲೆ ಮಡಚಿ ಒತ್ತಿದರೆ ಅದೇನು ಮಾಡೀತು? 90 ಡಿಗ್ರಿಯ ಅಡಾಪ್ಟರ್ ಹಾಕ್ತೀನಿ ಅನ್ನಬೇಡಿ. ಅಂಥ ಅಡಾಪ್ಟರುಗಳೇ ಬಿಸಿಯಾಗಿ ಕರಗಿ, 2024ರ ಆರಂಭದಲ್ಲಿ ಒಂದು ಕಂಪನಿ ಮಾರಿದ್ದನ್ನೆಲ್ಲ ವಾಪಸ್ ಕರೆಸಿಕೊಳ್ಳಬೇಕಾಯಿತು.

18 ಲೀಟರ್ ಅಂದಾಕ್ಷಣ ಬಚಾವ್ ಅಂತಲೂ ತಿಳಿಯಬೇಡಿ. ಕೂಲರ್ ಮಾಸ್ಟರಿನ ಎನ್‌ಆರ್‌200 ಆ ಅಳತೆಯಲ್ಲಿ ನನಗೆ ಬಹಳ ಇಷ್ಟದ ಕ್ಯಾಬಿನೆಟ್. 330 ಮಿಲಿಮೀಟರ್ ಉದ್ದದ ಕಾರ್ಡ್ ಹಿಡಿಯುತ್ತದೆ. ಆದರೆ ಎತ್ತರಕ್ಕೆ ಇರುವುದು ಪ್ಲಗ್ಗೂ ಸೇರಿ 156. 137ರ ಕಾರ್ಡ್ ಹಾಕಿದರೆ ಉಳಿಯುವುದು 19. ಬೇಕಿದ್ದದ್ದು 35, ಮರೆತಿಲ್ಲ ತಾನೆ? ಚಿಪ್ ಮಾಡುವ ಎನ್ವಿಡಿಯಾ ತಾನೇ ಮಾರುವ ಫೌಂಡರ್ಸ್ ಕಾರ್ಡ್ ಆದರೆ ಸಾಕೆಟ್ ಅಂಚಿನಿಂದ ಒಳಗೆ ತಗ್ಗಿನಲ್ಲಿದೆ, ಓರೆಯಾಗಿಯೂ ಇದೆ, ಹಾಗಾಗಿ ಅದರ ಲೆಕ್ಕ ಬೇರೆ. ಎರಡೇ ಸ್ಲಾಟ್ ದಪ್ಪ ಬೇರೆ. ಬೇರೆ ಕಂಪನಿಯ ಮೂರು ಫ್ಯಾನಿನ ಕಾರ್ಡುಗಳು 330, 350 ಮಿಲಿಮೀಟರ್ ಉದ್ದ ಬರುತ್ತವೆ. ಅವು ನಿಮ್ಮ 10 ಲೀಟರಿನ ಬಾಗಿಲಿಗೇ ಬರಲ್ಲ.

ಇನ್ನು ಕೋಣೆ ಚಿಕ್ಕದು, ಅದಕ್ಕೇ ಕ್ಯಾಬಿನೆಟ್ ಚಿಕ್ಕದು ಬೇಕು ಅಂತೀರಲ್ಲ, ಇದನ್ನು ನಾನು ಒಪ್ಪುವುದೇ ಇಲ್ಲ. ಜಾಗ ತಿನ್ನುವುದು ಮಾನಿಟರ್, ಟೇಬಲ್, ಕುರ್ಚಿ. 10 ಲೀಟರಿಗೂ 22 ಲೀಟರಿಗೂ ಇರುವ ವ್ಯತ್ಯಾಸ ಟೇಬಲ್ಲಿನ ಕೆಳಗೆ ಒಂದು ಚಪ್ಪಲಿ ಜೋಡಿಯಷ್ಟು. ಚಿಕ್ಕ ಕೋಣೆಗೆ ನಿಜವಾಗಿ ತೊಂದರೆ ಕೊಡುವುದು ಬಿಸಿ. ಕಾರ್ಡ್, ಪ್ರೊಸೆಸರ್ ಎಲ್ಲ ಸೇರಿ 700 ವ್ಯಾಟ್ ಎಳೆದರೆ ಆ 700 ವ್ಯಾಟೂ ನಿಮ್ಮ ಕೋಣೆಯಲ್ಲೇ ಬಿಸಿಯಾಗಿ ಉಳಿಯುತ್ತದೆ, ಡಬ್ಬ ಯಾವುದೇ ಇರಲಿ. ಒಂದು ಟನ್ನಿನ ಎಸಿ ಹೊರಹಾಕುವುದು ಸುಮಾರು 3,500 ವ್ಯಾಟ್. ಅದರ ಐದನೇ ಒಂದು ಭಾಗ ನಿಮ್ಮ ಪಿಸಿಗೇ ಹೋಯಿತು. ಮೇ ತಿಂಗಳಲ್ಲಿ ಎಸಿ ಇಲ್ಲದೆ ರೆಂಡರ್ ಹಾಕಿ ನೋಡಿ, ಬನಿಯನ್ ಹಿಂಡಬೇಕಾಗುತ್ತೆ.

ಹೊತ್ತುಕೊಂಡು ಹೋಗುವ ವಿಷಯಕ್ಕಂತೂ ಒಂದೇ ಮಾತು: ಡಿಸ್ಕ್ ಒಯ್ಯಿರಿ, ಮಷಿನ್ ಬೇಡ. 2 ಟಿಬಿಯ ಎನ್‌ವಿಎಂಇ ಒಂದನ್ನು ಯುಎಸ್‌ಬಿ ಡಬ್ಬಿಯಲ್ಲಿ ಹಾಕಿಕೊಂಡರೆ ಶರ್ಟಿನ ಜೇಬಿನಲ್ಲಿ ಕೂರುತ್ತದೆ. ಎರಡು ವರ್ಷದಿಂದ ನಾನು ಹಾಗೇ ಅಂಧೇರಿಗೆ ಹೋಗಿ ಬರುತ್ತಿದ್ದೇನೆ. ಆಫೀಸಿನಲ್ಲಿ ಇರುವ ಮಷಿನ್ ನಿಧಾನ ಅಂದರೆ ಅಲ್ಲಿಂದಲೇ ಇಂಟರ್‌ನೆಟ್ಟಿನಲ್ಲಿ ಮನೆಯದಕ್ಕೆ ರಿಮೋಟ್ ಹಾಕಿ.

ನಾನಾಗಿದ್ದರೆ 20ರಿಂದ 25 ಲೀಟರಿನ ಮೈಕ್ರೊ ಎಟಿಎಕ್ಸ್ ಕ್ಯಾಬಿನೆಟ್ ತಗೊಳ್ಳುತ್ತೇನೆ, ಈಗ ನನ್ನ ಹತ್ತಿರ ಇರುವುದೂ ಅಂಥದ್ದೇ. ಬೋರ್ಡ್ 244ಕ್ಕೆ 244, ಅಂಗಡಿಯಲ್ಲಿ ಕೈಗೆ ಸಿಗುತ್ತೆ, ಐಟಿಎಕ್ಸಿಗಿಂತ ಅಗ್ಗ. ಕಾರ್ಡ್ ನೇರವಾಗಿ ಬೋರ್ಡಿಗೇ ಕೂರುತ್ತದೆ, ಎರಡನ್ನೂ ಜೋಡಿಸುವ ರೈಸರ್ ಕೇಬಲ್ ಬೇಕಿಲ್ಲ. ಎದುರಿಗೆ ಜಾಲರಿ ಇರಲಿ, ಅದರ ಹಿಂದೆ ತೊಳೆಯಲು ಬರುವ ಫಿಲ್ಟರ್ ಇರಲೇಬೇಕು. ನಮ್ಮ ಬಿಲ್ಡಿಂಗ್ ಹಳಿಯ ಪಕ್ಕ, ತಿಂಗಳಿಗೊಮ್ಮೆ ತೊಳೆದರೂ ನೀರು ಕಪ್ಪಗೆ ಬರುತ್ತದೆ. ಕಾರ್ಡಿನ ಪವರ್ ಲಿಮಿಟ್ ಕೂಡ ಸ್ವಲ್ಪ ಇಳಿಸಿಡಿ. 20, 25 ಪರ್ಸೆಂಟ್ ವ್ಯಾಟ್ ಕಡಿಮೆ ಮಾಡಿದರೆ ವೇಗ ಅಷ್ಟು ಬೀಳಲ್ಲ, ಕೋಣೆಗೂ ಪ್ಲಗ್ಗಿಗೂ ಉಸಿರು ಬರುತ್ತೆ.

ಇಷ್ಟು ಹೇಳಿದ ಮೇಲೂ 10 ಲೀಟರೇ ಬೇಕು ಅಂದರೆ, 5090 ಬಿಡಿ, ಎರಡು ಸ್ಲಾಟಿನ ಚಿಕ್ಕ ಕಾರ್ಡ್ ನೋಡಿ. ಎರಡೂ ಬೇಕು ಅನ್ನುವ ಹಟಕ್ಕೆ ನಾನು ಸಲಹೆ ಕೊಡುವವನಲ್ಲ.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಕಿರಾಣಿ ಅಂಗಡಿಯಿಂದ ಬಿಸ್ಕತ್ತಿನ ಖಾಲಿ ರಟ್ಟಿನ ಪೆಟ್ಟಿಗೆ ತಂದು, ನಿಮ್ಮ ಕಾರ್ಡಿನ ಉದ್ದ, ಎತ್ತರ, ದಪ್ಪಕ್ಕೆ ಕತ್ತರಿಸಿ ಅಂಟಿಸಿ. ಪ್ಲಗ್ ಬರುವ ಜಾಗದಲ್ಲಿ 35 ಮಿಲಿಮೀಟರಿನ ಒಂದು ತುಂಡು ನೆಟ್ಟಗೆ ನಿಲ್ಲಿಸಿ. ಅದನ್ನು ಹಿಡಿದುಕೊಂಡೇ ಅಂಗಡಿಗೆ ಹೋಗಿ, ಡಿಸ್‌ಪ್ಲೇಗೆ ಇಟ್ಟ ಕ್ಯಾಬಿನೆಟ್ ತೆರೆಸಿ, ಒಳಗಿಟ್ಟು ಮುಚ್ಚಳ ಹಾಕಿಸಿ. ಹುಡುಗರು ನಗುತ್ತಾರೆ, ನಗಲಿ. ಭಾನುವಾರ ಮಾತ್ರ ಹೋಗಬೇಡಿ, ಲ್ಯಾಮಿಂಗ್ಟನ್ ರೋಡಿನಲ್ಲಿ ಬಹಳಷ್ಟು ಶಟರ್ ಎಳೆದಿರುತ್ತವೆ. ಕಾರ್ಡಿನ ಮಾಡೆಲ್ ಯಾವುದು ಅಂತ ಇಲ್ಲೇ ಬರೆಯಿರಿ, ಪ್ಲಗ್ ಯಾವ ಕಡೆಗಿದೆ ಅಂತ ನೋಡಿ ಹೇಳುತ್ತೇನೆ.